ಗೇಟಿನೊಳಗಿನ ಡ್ರೈವರು

ನನ್ನಣ್ಣನಿಗೆ ಕೂತಲ್ಲಿ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಬಲಗಾಲು ನೆಲ ಒತ್ತುತ್ತಲೇ ಇರುತ್ತದೆ. ಕುರ್ಚಿ ಕಿರುಗುಟ್ಟುತ್ತದೆ. ಅದು ಅವನಿಗೆ ಕೇಳಿಸುವುದಿಲ್ಲ, ತಲೆ ಕೆಡುವುದು ನಮಗೆ. ಚಿಕ್ಕವನಿದ್ದಾಗ ಬಂದ ಜ್ವರವೊಂದು ಅವನ ಎರಡೂ ಕಿವಿ ತಗೊಂಡು ಹೋಯಿತು. ಮಾತು ಬರುವ ಮುಂಚೆಯೇ ಹೋದದ್ದರಿಂದ ಮಾತೂ ಬರಲಿಲ್ಲ. ಅವನ ಬೆನ್ನಿಗೆ ಹುಟ್ಟಿದವಳು ನಾನು. ಬಾಯಲ್ಲಿ ಒಂದು ಮಾತು, ಕೈಯಲ್ಲಿ ಒಂದು ಮಾತು ಅಂತ ಎರಡನ್ನೂ ಒಟ್ಟಿಗೇ ಕಲಿತೆ. ನಮ್ಮ ಮನೆಯ ಸನ್ನೆ ನಮ್ಮದೇ. ಅಮ್ಮ ಇದ್ದಾಗ ಮೂವರಿಗೆ ಗೊತ್ತಿತ್ತು, ಈಗ ಇಬ್ಬರಿಗೆ. ಆಮೇಲೆ ಕಿವಿ ಕೇಳದವರ ಸಂಘದ ಸನ್ನೆಯನ್ನೂ ಕಲಿತೆವು, ಅದು ಹೊರಗಿನವರ ಜೊತೆ ಮಾತಾಡೋಕೆ. ಜಗಳಕ್ಕೆ ಮಾತ್ರ ಮನೆಯದೇ ಬೇಕು.

ಅವನು ಬಸ್ ಡಿಪೋದ ಯಾರ್ಡ್ ಡ್ರೈವರು. ಅಂದರೆ ಊರು ಸುತ್ತಿ ಬಂದ ಬಸ್ಸನ್ನು ಗೇಟಿನಲ್ಲಿ ಕೈಗೆ ತಗೊಂಡು ತೊಳೆಯುವ ಜಾಗಕ್ಕೆ, ಅಲ್ಲಿಂದ ಡೀಸೆಲ್ ಪಂಪಿಗೆ, ಅಲ್ಲಿಂದ ಸಾಲಿಗೆ ತಂದು ನಿಲ್ಲಿಸುವವನು. ಬೆಳಿಗ್ಗೆ ಮತ್ತೆ ಸಾಲಿನಿಂದ ತೆಗೆದು ಗೇಟಿಗೆ ತಂದು ರೂಟಿನ ಡ್ರೈವರ್ ಕೈಗೆ ಕೊಡುವವನು. ಎರಡು ಬಸ್ಸಿನ ನಡುವೆ ಕೈ ತೂರಿಸೋಕೂ ಜಾಗ ಇಲ್ಲದ ಹಾಗೆ ನಿಲ್ಲಿಸುತ್ತಾನೆ. ಆದರೆ ಗೇಟಿನ ಕಂಬಿ ದಾಟಿ ಒಂದು ಮೊಳ ಆಚೆ ಓಡಿಸಿದವನಲ್ಲ. ಲೈಸೆನ್ಸ್ ಇಲ್ಲ, ಕೊಡುವುದೂ ಇಲ್ಲ. ಡಿಪೋ ಒಳಗಿನ ನೆಲ ರಸ್ತೆಯಲ್ಲ, ಹಾಗಾಗಿ ಅಲ್ಲಿ ಲೈಸೆನ್ಸ್ ಕೇಳುವವರಿಲ್ಲ ಅನ್ನುವ ಒಂದು ಸಂದಿಯಲ್ಲಿ ಅವನ ಇಡೀ ನೌಕರಿ ನಡೆದುಕೊಂಡು ಬಂದಿತ್ತು.

ಡಿಪೋದಲ್ಲಿ ಅವನ ಹೆಸರು ಸೈಲೆನ್ಸರ್. ಯಾರೋ ಮೆಕ್ಯಾನಿಕ್ ತಮಾಷೆಗೆ ಇಟ್ಟದ್ದು. ಗೊತ್ತಾದ ದಿನ ನಾನು ಕೈಯಲ್ಲಿದ್ದ ಕತ್ತರಿ ಸಮೇತ ಆ ಮೆಕ್ಯಾನಿಕ್ ಮೇಲೆ ಏರಿಹೋಗಿದ್ದೆ. ಅಡ್ಡ ಬಂದವನು ಅಣ್ಣನೇ. ಅವನಿಗೆ ಆ ಹೆಸರು ಹಿಡಿಸಿಬಿಟ್ಟಿತ್ತು. ಸೈಲೆನ್ಸರ್ ಇಲ್ಲದ ಬಸ್ಸು ಹೇಗಿರುತ್ತೆ ನೋಡಿ ಅಂತ ಎಲ್ಲರ ಮುಂದೆ ನನ್ನ ಕಡೆ ಬೆರಳು ತೋರಿಸಿದ. ಅದನ್ನೂ ನಾನೇ ಬಾಯಿಬಿಟ್ಟು ಅನುವಾದಿಸಬೇಕಾಯಿತು. ನಾನು ಅವನು ಹೇಳಿದ್ದನ್ನು ಹಾಗೇ ಹೇಳುತ್ತೇನೆ, ಅವನಿಗೆ ಹೇಳಿದ್ದನ್ನೂ ಹಾಗೇ ಹೇಳುತ್ತೇನೆ. ಬೈದರೆ ಬೈಗುಳವನ್ನೂ ದಾಟಿಸುತ್ತೇನೆ. ನಡುವೆ ನಿಂತವಳು ಉಪ್ಪು ಖಾರ ಹಚ್ಚಿದರೆ ಅವನು ಯಾರನ್ನು ನಂಬಬೇಕು?

ಕತ್ತರಿ ಯಾಕೆ ಅಂದರೆ ನಾನೂ ಅದೇ ಡಿಪೋದಲ್ಲಿ ಹರಿದ ಸೀಟುಗಳಿಗೆ ರೆಕ್ಸಿನ್ ಹೊಲಿಯುವವಳು. ನನ್ನ ಶೆಡ್ಡಿನ ಕಿಟಕಿಗೆ ಯಾರ್ಡು ಪೂರ್ತಿ ಕಾಣುತ್ತದೆ. ಆ ಯಾರ್ಡಿನಲ್ಲಿ ಹಳೆಯ ಫೋರ್‌ಮನ್ ಮಾಡಿಟ್ಟ ಒಂದು ಪದ್ಧತಿ ಇತ್ತು. ಅಣ್ಣ ಬಸ್ಸು ತೆಗೆಯುವ ಮುಂಚೆ ಸುತ್ತ ಇರುವವರೆಲ್ಲ ಒಂದು ಕೈ ಮೇಲೆತ್ತಬೇಕು, ನಿನ್ನನ್ನು ನೋಡಿದ್ದೇನೆ ಅಂತ. ಕೊನೆಯ ಕೈ ಏಳುವವರೆಗೆ ಬಸ್ಸು ಅಲ್ಲಾಡುವುದಿಲ್ಲ. ಟೈರಿನ ಪಕ್ಕ ಕೂತು ಫೋನ್ ನೋಡುತ್ತಿದ್ದವನು ಮರೆತರೆ, ಅಣ್ಣ ಇಂಜಿನ್ ಆಫ್ ಮಾಡಿ ಇಳಿದು ಬಂದು, ಅವನ ಮಣಿಕಟ್ಟು ಹಿಡಿದು ತಾನೇ ಮೇಲೆತ್ತಿ, ಮತ್ತೆ ಹೋಗಿ ಹತ್ತಿ ಕೂರುತ್ತಾನೆ. ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರಿಗೂ ಒಮ್ಮೆ ಹಾಗೇ ಮಾಡಿದ. ಸಾಹೇಬರ ಬಗಲಿನಲ್ಲಿದ್ದ ಫೈಲು ಕೆಳಗೆ ಬಿತ್ತು. ಡಿಪೋದವರು ವಾರಗಟ್ಟಲೆ ನಕ್ಕರು.

ಇಂಥವನಿಗೆ ಲೈಸೆನ್ಸ್ ಯಾಕಿಲ್ಲ ಅಂದರೆ ಗಂಟೆ ನಿಯಮ. ರಸ್ತೆಯಲ್ಲಿ ಕುದುರೆ ಗಾಡಿಗಳೇ ಓಡಾಡುತ್ತಿದ್ದ ಕಾಲದ್ದು ಅದು. ಹಿಂದಿನಿಂದ ಬರುವ ಗಾಡಿಯ ಗಂಟೆ ಮೋಟಾರಿನವನಿಗೆ ಕೇಳಬೇಕು, ಆದ್ದರಿಂದ ಲೈಸೆನ್ಸ್ ಕೇಳುವವನನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಹಿಂದೆ ಗಂಟೆ ಬಾರಿಸಬೇಕು, ಅವನು ತಿರುಗಿ ನೋಡಬೇಕು. ಕುದುರೆಗಳು ಹೋದವು, ಗಾಡಿಗಳು ಹೋದವು, ಗಂಟೆ ಮಾತ್ರ ಲೈಸೆನ್ಸ್ ಕಚೇರಿಯ ಕಪಾಟಿನಲ್ಲಿ ಕೂತುಬಿಟ್ಟಿತು. ಹೊಸ ಮೋಟಾರುಗಳು ಬಂದವು, ಹೊಸ ಸಿಗ್ನಲ್ಲುಗಳು ಬಂದವು, ಆದರೆ ಇದನ್ನು ತೆಗೆದುಹಾಕಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ.

ಅಣ್ಣ ಮೀಸೆ ಚಿಗುರಿದ ವಯಸ್ಸಿನಲ್ಲಿ ಆ ಪರೀಕ್ಷೆಗೆ ಹೋದ. ಜೊತೆಗೆ ನಾನು. ಮರದ ಹಲಗೆ ಹಾಸಿದ ಹಳೆಯ ಕೋಣೆ. ಅಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತ. ಗಂಟೆ ಹಿಡಿದ ಜವಾನ ಹಿಂದಿನಿಂದ ಬಂದ. ಅವನು ಕಾಲಿಟ್ಟ ಹಲಗೆ ಅಣ್ಣನ ಪಾದದ ಕೆಳಗೆ ಅದುರಿರಬೇಕು, ಅಣ್ಣ ಚಟ್ಟನೆ ತಿರುಗಿದ. ಜವಾನ ಇನ್ನೂ ಗಂಟೆ ಬಾರಿಸಿಯೇ ಇರಲಿಲ್ಲ! ನನಗೆ ನಗು ತಡೆಯಲಾಗಲಿಲ್ಲ, ಜವಾನನಿಗೂ ತಡೆಯಲಾಗಲಿಲ್ಲ. ಅಧಿಕಾರಿಗೆ ಮಾತ್ರ ನಗು ಬರಲಿಲ್ಲ, ಕಾಗದದ ಮೇಲೆ ಅಡ್ಡಗೆರೆ ಎಳೆದರು. ಹೊರಗೆ ಬಂದ ಮೇಲೆ ಅಣ್ಣ ಕೇಳಿದ್ದು ಒಂದೇ, ನಾನು ಬೇಗ ತಿರುಗಿದೆನಾ, ತಡವಾಗಿ ತಿರುಗಿದೆನಾ ಅಂತ.

ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಯಾರ್ಡಿನ ಅಳತೆಗೆ ಎರಡನೇ ಗೇರು ದಾಟುವ ಹಾಗಿಲ್ಲ. ಮೂರನೇ ಗೇರಿನಲ್ಲಿ ಬಸ್ಸು ಹೇಗೆ ಹೋಗುತ್ತದೆ ಅನ್ನುವುದು ಡಿಪೋದಲ್ಲಿ ಇಷ್ಟು ವರ್ಷ ಬಸ್ಸು ಓಡಿಸಿದವನಿಗೆ ಗೊತ್ತಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಬಸ್ಸು ಬಿಟ್ಟುಕೊಟ್ಟು, ಅದು ರಸ್ತೆಗೆ ಹೊರಳಿ ವೇಗ ಹಿಡಿಯುವವರೆಗೆ ನೋಡುತ್ತಾ ನಿಂತಿರುತ್ತಿದ್ದ. ವಾಚ್‌ಮನ್ ಬಂದು ಭುಜ ತಟ್ಟಿದ ಮೇಲೇ ವಾಪಸ್. ನಾನು ಅದನ್ನು ದಿನಾ ಕಿಟಕಿಯಿಂದ ನೋಡುತ್ತಿದ್ದೆ.

ಹೀಗಿರುವಾಗ ಸಂಘಕ್ಕೆ ಒಬ್ಬ ವಕೀಲಮ್ಮ ಬಂದರು. ಸರ್ಕಾರ ಹಳೆಯ ಸಂಚಾರ ನಿಯಮಗಳನ್ನೆಲ್ಲ ಗುಡಿಸಿ ಹಾಕೋಕೆ ಸಮಿತಿ ಮಾಡಿದೆ, ಗಂಟೆ ನಿಯಮ ತೆಗೆಯಿರಿ ಅಂತ ಅರ್ಜಿ ಹಾಕೋಣ ಅಂದರು. ಅರ್ಜಿ ಅಣ್ಣನ ಹೆಸರಿನಲ್ಲೇ ಇರಲಿ ಅಂತಾಯಿತು. ಯಾಕೆಂದರೆ ಕಿವಿ ಕೇಳದವನು ಗಾಡಿ ಓಡಿಸಬಲ್ಲ ಅಂತ ಹೇಳೋಕೆ ಕಣ್ಣ ಮುಂದೆ ಇದ್ದವನು ಇವನೊಬ್ಬನೇ. ಡಿಪೋದೊಳಗೆ ಇಷ್ಟು ವರ್ಷ, ಇಷ್ಟು ದೊಡ್ಡ ವಾಹನ, ಒಂದು ಅಪಘಾತವಿಲ್ಲ ಅಂತ ವಕೀಲಮ್ಮ ಚೆಂದವಾಗಿ ಬರೆದರು. ನಾನು ಓದಿ ಅಣ್ಣನಿಗೆ ಹೇಳಿದೆ. ಅವನು ಉಬ್ಬಿಹೋದ. ನಮ್ಮನೆಯವರು ಮಾತ್ರ ಪೇಪರಿನಿಂದ ತಲೆ ಎತ್ತದೆ, ಹೇಗೋ ನಡೀತಾ ಇದೆ, ಸುಮ್ಮನೆ ಯಾಕೆ ಕೆದಕ್ತೀರಿ ಅಂದರು. ನಾನು ಹರಿಹಾಯ್ದೆ. ನಿಮಗೇನು, ಎರಡು ಚಕ್ರದ ಲೈಸೆನ್ಸ್ ಇದೆ, ಓಡಿಸೋಕೆ ಸ್ಕೂಟರ್ ಇಲ್ಲ, ಅಷ್ಟಕ್ಕೇ ಸುಖವಾಗಿದ್ದೀರಿ ಅಂದೆ. ಅವರು ಪುಟ ತಿರುಗಿಸಿದರು.

ಆಮೇಲೆ ಶುರುವಾಯಿತು ಕಾಯುವುದು. ಅಯ್ಯೋ, ಆ ಕಾಯುವಿಕೆ ಯಾರಿಗೂ ಬೇಡ. ಸಭೆ ಇಂದು ಅಂದರೆ ಮುಂದಕ್ಕೆ ಹೋಯಿತು ಅನ್ನುತ್ತಿದ್ದರು, ಮುಂದಕ್ಕೆ ಹೋದದ್ದು ಮತ್ತೂ ಮುಂದಕ್ಕೆ ಹೋಗುತ್ತಿತ್ತು. ಅಣ್ಣ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ತಿರುಗುತ್ತಿದ್ದ. ತಟ್ಟೆ ತೊಳೆಯೋಕೆ ಹೋದವನು ತಟ್ಟೆಯನ್ನೇ ಸ್ಟೇರಿಂಗ್ ಮಾಡಿಕೊಂಡು ನಿಂತಿರುತ್ತಿದ್ದ. ನಾನೇನು ಕಮ್ಮಿಯೇ? ಹೊಲಿಗೆ ಹಾಕುವಾಗ ಸೂಜಿ ಮುರಿದುಕೊಳ್ಳುತ್ತಿದ್ದೆ, ವಕೀಲಮ್ಮನಿಗೆ ಬೇಡದ ಹೊತ್ತಿನಲ್ಲೆಲ್ಲ ಫೋನ್ ಮಾಡಿ ಬೈಸಿಕೊಳ್ಳುತ್ತಿದ್ದೆ. ಅವರೂ ಪಾಪ, ಬೈದು ಆಮೇಲೆ ಸಮಾಧಾನ ಮಾಡುತ್ತಿದ್ದರು.

ಕೊನೆಗೂ ಸಭೆಯ ದಿನ ಬಂತು. ಬಾಗಿಲಲ್ಲಿ ಹೆಸರು ಬರೆದುಕೊಂಡು ಕೊರಳಿಗೆ ಚೀಟಿ ಹಾಕಿದರು. ಅಣ್ಣನದು ಅರ್ಜಿದಾರ, ನನ್ನದು ಅನುವಾದಕಿ. ಒಳಗೆ ಉದ್ದ ಮೇಜು, ಮೂವರು ಅಧಿಕಾರಿಗಳು, ನಡುವೆ ಅಧ್ಯಕ್ಷರು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ನಾನು ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಂತೆ. ಸಂಘದ ಹುಡುಗ ಹುಡುಗಿಯರು ಒಂದು ಇಡೀ ಸಾಲು ತುಂಬಿದ್ದರು. ಅವರ ನಡುವೆ ಫೋಟೋ ಸ್ಟುಡಿಯೋದ ಹುಡುಗಿ. ಊರ ಹೊರಗಿನ ಕೆಲಸ ಬಂದರೆ ಲೈಟು, ಸ್ಟ್ಯಾಂಡು ಹೊತ್ತುಕೊಂಡು ಕಂಡವರನ್ನು ಬೇಡಿ ಹೋಗುವವಳು. ನಿಯಮ ಹೋಗುತ್ತೆ ಅನ್ನುವ ಭರವಸೆಯಲ್ಲಿ ಹಳೆಯದೊಂದು ಪುಟ್ಟ ಕಾರು ತಗೊಂಡು, ಮನೆ ಮುಂದೆ ಹೊದಿಕೆ ಹಾಕಿ ನಿಲ್ಲಿಸಿದ್ದಳು. ಬಿಡುವಿದ್ದಾಗ ಹೊದಿಕೆ ತೆಗೆದು ಒಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಾಳಂತೆ. ಅಣ್ಣ ಅವಳಿಗೆ ಡಿಪೋದ ಒಳಗೆ ಕ್ಲಚ್ ಬಿಡೋದು ಕಲಿಸಿದ್ದ.

ಅಧ್ಯಕ್ಷರು ಒಂದೊಂದೇ ಹಳೆಯ ನಿಯಮ ಓದಿದರು. ಕುದುರೆ ಬೆದರಿದರೆ ಮೋಟಾರಿನವನು ಇಂಜಿನ್ ನಿಲ್ಲಿಸಿ, ಟೋಪಿ ತೆಗೆದು, ಕುದುರೆ ಶಾಂತವಾಗುವವರೆಗೆ ನಿಲ್ಲಬೇಕು. ರದ್ದು. ಸೈಕಲ್ಲಿನ ಹಿಂದೆ ಕೂತವನು ಹಾಡಬಾರದು. ರದ್ದು. ಮೋಟಾರಿನಲ್ಲಿ ಜೀವಂತ ಕೋಳಿ ಒಯ್ಯುವವನು ಅದರ ಕೊಕ್ಕು ಕಟ್ಟಿರಬೇಕು. ರದ್ದು. ಸಭೆಯಲ್ಲಿ ನಗುವೋ ನಗು. ಕೇಳಿಸುವವರು ಮೊದಲು ನಗುತ್ತಿದ್ದರು, ನನ್ನ ಕೈ ಮುಗಿದ ಮೇಲೆ ನಮ್ಮ ಸಾಲು ನಗುತ್ತಿತ್ತು. ನನಗೆ ನಗೋಕೆ ಪುರುಸೊತ್ತೇ ಇಲ್ಲ. ನಮ್ಮದು ಯಾವಾಗ, ನಮ್ಮದು ಯಾವಾಗ ಅಂತ ಜೀವ ತುದಿಗಾಲಲ್ಲಿ ನಿಂತಿತ್ತು. ಕೋಳಿಯ ಕೊಕ್ಕಿಗೆ ಅಷ್ಟೊಂದು ಚರ್ಚೆ ಬೇಕಿತ್ತೇ?

ಊಟದ ವಿರಾಮವಾಯಿತು. ಅಣ್ಣ ಊಟ ಮುಟ್ಟಲಿಲ್ಲ, ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಮತ್ತೆ ಒಳಗೆ ಹೋಗಿ ಕೂತದ್ದೇ ನಮ್ಮ ವಿಷಯ ಬಂತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲನೇ ಭಾಗ, ಲಘು ವಾಹನಕ್ಕೆ ಗಂಟೆ ಪರೀಕ್ಷೆ ರದ್ದು. ಕಿವಿ ಕೇಳದವರು ತಮ್ಮ ಸ್ವಂತ ಉಪಯೋಗಕ್ಕೆ ಲಘು ವಾಹನ ಓಡಿಸಬಹುದು, ಲೈಸೆನ್ಸ್ ಪಡೆಯಬಹುದು. ನನ್ನ ಕೈ ಇನ್ನೂ ಗಾಳಿಯಲ್ಲಿತ್ತು, ನಮ್ಮ ಸಾಲು ಎದ್ದು ನಿಂತುಬಿಟ್ಟಿತು. ಫೋಟೋ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಣ್ಣ ಬಾಗಿ ಅವಳ ನೆತ್ತಿಯ ಮೇಲೆ ಒಂದು ಮೊಟಕಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಚಿಕ್ಕಂದಿನಿಂದ ನೋಡಿರಲಿಲ್ಲ.

ಅಧ್ಯಕ್ಷರು ಓದುವುದನ್ನು ನಿಲ್ಲಿಸಿರಲಿಲ್ಲ. ಅವರ ದನಿಯಲ್ಲಿ ಏರಿಳಿತ ಇರಲಿಲ್ಲ, ಕೋಳಿಯ ಕೊಕ್ಕನ್ನು ಓದಿದ ಹಾಗೇ ಇದನ್ನೂ ಓದಿದರು. ಎರಡನೇ ಭಾಗ. ಈ ಅರ್ಜಿಯನ್ನು ಪರಿಶೀಲಿಸುವಾಗ, ಡಿಪೋ ಮತ್ತು ಕಾರ್ಖಾನೆಗಳ ಆವರಣದಲ್ಲಿ ಲೈಸೆನ್ಸ್ ಇಲ್ಲದವರು ಭಾರಿ ವಾಹನ ಓಡಿಸುತ್ತಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಇನ್ನು ಮುಂದೆ ಅಂಥ ಆವರಣಗಳೂ ರಸ್ತೆಯೇ. ಅಲ್ಲಿ ಭಾರಿ ವಾಹನ ಓಡಿಸುವವರಿಗೂ ಭಾರಿ ವಾಹನದ ಲೈಸೆನ್ಸ್ ಕಡ್ಡಾಯ. ಆ ಲೈಸೆನ್ಸಿಗೆ ಕಿವಿಯ ಪರೀಕ್ಷೆ ಈಗಿರುವಂತೆಯೇ ಮುಂದುವರಿಯುತ್ತದೆ.

ನನ್ನ ಕೈ ನಿಂತುಹೋಯಿತು.

ನಾವು ಚೆಂದವಾಗಿ ಬರೆಸಿದ ಅರ್ಜಿಯನ್ನೇ ಓದಿ ಆ ಸಂದಿಯನ್ನು ಪತ್ತೆ ಹಚ್ಚಿದ್ದರು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದವನನ್ನು ನಾವೇ ಕೈಹಿಡಿದು ತಂದು ಮೇಜಿನ ಮುಂದೆ ನಿಲ್ಲಿಸಿದ್ದೆವು. ವಕೀಲಮ್ಮನ ಕಡೆ ನೋಡಿದೆ. ಈ ಎರಡನೇ ಭಾಗ ಅವರಿಗೂ ಗೊತ್ತಿರಲಿಲ್ಲ, ಬೇರೆ ಯಾವುದೋ ಇಲಾಖೆಯವರು ಕೊನೆಯಲ್ಲಿ ಸೇರಿಸಿದ್ದಂತೆ. ಎದ್ದು ನಿಂತು ಎರಡನ್ನೂ ಬೇರೆ ಬೇರೆ ಮಾಡಿ ಅಂತ ಕೇಳಿಕೊಂಡರು. ಅಧ್ಯಕ್ಷರು ಕೆಟ್ಟವರಲ್ಲ, ತಾಳ್ಮೆಯಿಂದಲೇ ಹೇಳಿದರು. ವಿಷಯ ಒಂದೇ, ಬೇರೆ ಮಾಡೋಕೆ ತಮಗೆ ಅಧಿಕಾರವಿಲ್ಲ. ಅರ್ಜಿದಾರರು ಒಪ್ಪಿದರೆ ಇವತ್ತೇ ಎರಡೂ ಪಾಸು. ಅರ್ಜಿದಾರರ ಆಕ್ಷೇಪಣೆ ಇದ್ದರೆ ಎರಡೂ ವಾಪಸ್ ಹೋಗಿ ಮುಂದಿನ ಸಮಿತಿಗೆ ಬರುತ್ತವೆ. ಮುಂದಿನ ಸಮಿತಿ ಅಂದರೆ? ಇದಕ್ಕೆ ಹಿಂದಿನದು ಕೂತಾಗ ನನಗೆ ಮದುವೆಯೇ ಆಗಿರಲಿಲ್ಲ.

ಅಣ್ಣ ಕುರ್ಚಿಯ ಕೈ ತಟ್ಟಿದ. ಏನು, ಹೇಳು ಅಂತ ಗದ್ದ ಎತ್ತಿದ. ಇಡೀ ಸಾಲು ನನ್ನ ಕೈಯನ್ನೇ ನೋಡುತ್ತಿತ್ತು. ಸಂಘದ ಸನ್ನೆಯಲ್ಲಿ ಹೇಳೋಕೆ ನನಗೆ ಮನಸ್ಸು ಬರಲಿಲ್ಲ. ಮನೆಯ ಸನ್ನೆಯಲ್ಲಿ ಅವನೊಬ್ಬನಿಗೇ ಹೇಳಿದೆ. ಹುಡುಗರಿಗೆ ಕಾರು ಸಿಕ್ಕಿತು. ನಿನ್ನ ಬಸ್ಸು ಹೋಯಿತು. ಡಿಪೋದ ಒಳಗೂ ಹೋಯಿತು. ಬೇಡ ಅಂದರೆ ಬಸ್ಸು ಉಳಿಯುತ್ತೆ, ಇವರ ಕಾರು ಹೋಗುತ್ತೆ.

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗೋಕೆ ಇಷ್ಟವಿರಲಿಲ್ಲವೋ ಏನೋ. ಇನ್ನೊಂದು ಸಲ ಅಂದ. ಹೇಳಿದೆ. ಡಿಪೋದ ಒಳಗೂನಾ ಅಂತ ಕೇಳಿದ. ಹೌದು ಅಂದೆ. ಯಾರು ಸೇರಿಸಿದ್ದು ಅಂದ, ಅವನ ಕಣ್ಣು ಮೇಜಿನ ಹಿಂದೆ ಕೂತಿದ್ದ ಮೂವರನ್ನೂ ಒಬ್ಬೊಬ್ಬರಾಗಿ ಸುಡುವ ಹಾಗೆ ನೋಡುತ್ತಿತ್ತು. ಎದ್ದು ನಿಂತ. ಕೂತ. ಮತ್ತೆ ಎದ್ದ. ಎರಡು ಹೆಜ್ಜೆ ಬಾಗಿಲ ಕಡೆ ಹೋಗಿ ತಿರುಗಿ ಬಂದ. ಫೋಟೋ ಹುಡುಗಿ ಇದನ್ನೆಲ್ಲ ನೋಡಿ, ಏನಾಯ್ತು ಅಂತ ಅವನ ಅಂಗಿ ಜಗ್ಗಿದಳು. ಅವಳ ಕಣ್ಣಲ್ಲಿ ಇನ್ನೂ ಸಂತೋಷದ ನೀರಿತ್ತು. ಅವನು ಮೆಲ್ಲಗೆ ಅವಳ ಕೈ ಬಿಡಿಸಿದ.

ನನ್ನ ಕಡೆ ತಿರುಗಿ ಮನೆಯ ಸನ್ನೆಯಲ್ಲಿ ಅಂದ: “ಒಪ್ಪಿಗೆ ಅನ್ನು. ಬೇಗ ಅನ್ನು, ನನ್ನ ಮನಸ್ಸು ಬದಲಾಗೋಕೆ ಮುಂಚೆ.”

ನಾನು ಬಾಯಿ ತೆರೆದೆ. ಆ ಮಾತು ಹೊರಗೆ ಬರಲಿಲ್ಲ. ಎದುರಿಗೆ ಮೂವರು ಅಧಿಕಾರಿಗಳು, ವಕೀಲಮ್ಮ, ಪೇಪರಿನವರು, ಯಾರಿಗೂ ನಮ್ಮ ಮನೆಯ ಸನ್ನೆ ಗೊತ್ತಿಲ್ಲ. ಅವನು ಏನಂದ ಅನ್ನುವುದು ನನಗೆ ಮಾತ್ರ ಗೊತ್ತು. ನಾನು ಏನು ಹೇಳಿದರೆ ಅದೇ ಅವನ ಮಾತು.

“ಆಕ್ಷೇಪಣೆ ಇದೆ,” ಅಂದೆ. ನನಗೇ ಗೊತ್ತಿಲ್ಲದ ಹಾಗೆ ಗಂಟಲು ಏರಿತ್ತು.

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಪೆನ್ನು ತೆಗೆದುಕೊಂಡರು, ಬರೆಯಲಿಲ್ಲ. ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು.

“ಇದು ಅವರ ಆಕ್ಷೇಪಣೆನಾ, ನಿಮ್ಮದಾ?” ಅಂತ ಕೇಳಿದರು.

ಅವರದ್ದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದೇ ಒಂದು ಮಾತು. ಅಣ್ಣ ನಾಳೆ ಬೆಳಿಗ್ಗೆ ಎಂದಿನ ಹಾಗೆ ಬಸ್ಸು ತೆಗೆಯುತ್ತಿದ್ದ, ನಾಳಿದ್ದೂ ತೆಗೆಯುತ್ತಿದ್ದ, ನಿವೃತ್ತಿಯಾಗುವವರೆಗೂ ತೆಗೆಯುತ್ತಿದ್ದ. ಅವನು ನನ್ನನ್ನೇ ನೋಡುತ್ತಾ ನಿಂತಿದ್ದ. ಅನುಮಾನವಿಲ್ಲ, ಪ್ರಶ್ನೆಯಿಲ್ಲ, ನಾನು ಹೇಳಿಯಾಯಿತು ಅಂತಲೇ ಅಂದುಕೊಂಡಿದ್ದ. ಆ ನಂಬಿಕೆಯ ಮುಖಕ್ಕೆ ನನಗೆ ಹೊಡೆಯೋಕೆ ಆಗಲಿಲ್ಲ.

“ನನ್ನದು,” ಅಂದೆ.

ನೀವು ಅನುವಾದಕಿ, ನಿಮ್ಮ ಅಭಿಪ್ರಾಯ ದಾಖಲಾಗುವುದಿಲ್ಲ, ಅವರು ಹೇಳಿದ್ದನ್ನು ಮಾತ್ರ ಹೇಳಿ ಅಂದರು ಅಧ್ಯಕ್ಷರು. ಬೈಯಲಿಲ್ಲ. ಮೆತ್ತಗೇ ಹೇಳಿದರು. ಇದೇ ಅಣ್ಣನ ಜೊತೆ ಹುಟ್ಟಿ ಬೆಳೆದವಳು, ಅವನ ಬಸ್ಸನ್ನು ಅವನಷ್ಟೇ ದಿನ ಕಿಟಕಿಯಿಂದ ನೋಡಿದವಳು, ನನಗೆ ಅಲ್ಲಿ ಒಂದು ಮಾತಿನ ಹಕ್ಕಿರಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಹೇಳಿದೆ. ಅರ್ಜಿದಾರರಿಗೆ ಒಪ್ಪಿಗೆ ಇದೆ. ಆಕ್ಷೇಪಣೆ ಇಲ್ಲ.

ಅಧ್ಯಕ್ಷರು ಬರೆದುಕೊಂಡರು. ಮುಂದಿನ ವಿಷಯ, ಎತ್ತಿನ ಗಾಡಿಯ ಲಾಂದ್ರ, ಅಂದರು.

ವರಾಂಡದಲ್ಲಿ ಹುಡುಗರೆಲ್ಲ ಅಣ್ಣನನ್ನು ಮುತ್ತಿಕೊಂಡರು. ಒಬ್ಬ ಅವನನ್ನು ಎತ್ತಿಯೇಬಿಟ್ಟ. ಅವರಿಗೆ ಏನೂ ಗೊತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಸಂಘದ ಸನ್ನೆಯಲ್ಲಿ, ಡಿಪೋದ ಒಳಗೂ ಇನ್ನು ಲೈಸೆನ್ಸ್ ಬೇಕಂತೆ ಅಂತ ಮಾತ್ರ ಹೇಳಿದ್ದೆ, ಅದು ಅವರ ತಲೆಗೆ ಹೋಗಿರಲಿಲ್ಲ. ಅಣ್ಣ ಎಲ್ಲರ ಬೆನ್ನು ತಟ್ಟಿ, ಬಿಡಿಸಿಕೊಂಡು, ಸರಸರ ಮೆಟ್ಟಿಲಿಳಿದು ಹೊರಟುಬಿಟ್ಟ. ಕೂಗಿದರೆ ಕೇಳುತ್ತಾ? ಓಡಿದೆ. ಎದುರಿಗೆ ಹೋಗಿ ಅಡ್ಡ ನಿಂತೆ. ಅವನು ಕೇಳಿದ ಮೊದಲ ಮಾತು, ನಾನು ಅಷ್ಟು ಚಿಕ್ಕದು ಹೇಳಿದರೆ ನೀನು ಅಷ್ಟು ಹೊತ್ತು ಬಾಯಿ ಆಡಿಸಿದ್ದು ಯಾಕೆ ಅಂತ. ಮುಚ್ಚಿಡೋಕೆ ಆಗಲಿಲ್ಲ, ಎಲ್ಲ ಹೇಳಿದೆ. ಕೇಳಿ ಕೆಂಡವಾದ. ಜನ ನಿಂತು ನೋಡುವ ಹಾಗೆ ರಸ್ತೆಯಲ್ಲೇ ನನ್ನನ್ನು ಬೈದ. ನಾನೂ ಬಿಡಲಿಲ್ಲ, ಕೊಟ್ಟೆ. ದಾರಿಹೋಕರಿಗೆ ಇಬ್ಬರು ಗಾಳಿಗೆ ಗುದ್ದುತ್ತಿರುವ ಹಾಗೆ ಕಂಡಿರಬೇಕು.

ಹೊಸ ನಿಯಮ ಅಚ್ಚಾಗಿ ಬರೋಕೆ ಹೆಚ್ಚು ದಿನ ಹಿಡಿಯಲಿಲ್ಲ. ಒಳ್ಳೆಯದಕ್ಕೆ ತಡ, ಇಂಥದ್ದಕ್ಕೆ ಅವಸರ. ಮ್ಯಾನೇಜರ್ ಸಾಹೇಬರು ಅಣ್ಣನನ್ನು ಕರೆಸಿ, ತಲೆ ತಗ್ಗಿಸಿಕೊಂಡೇ ಟೈರ್ ವಿಭಾಗಕ್ಕೆ ಹಾಕಿದರು. ಗಾಳಿ ನೋಡುವುದು, ಹಾಕುವುದು. ಯಾರ್ಡಿಗೆ ಹೊಸ ಡ್ರೈವರು ಬಂದ. ಅವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಹಾರ್ನ್ ಹೊಡೆದುಕೊಂಡೇ ಬಸ್ಸು ತೆಗೆಯುತ್ತಾನೆ. ನನ್ನ ಕಿಟಕಿಗೆ ಬೆಳಗಿನಿಂದ ಸಂಜೆವರೆಗೆ ಅದೇ ಗಲಾಟೆ. ಮೊದಲ ವಾರ ನಾನು ಕಿಟಕಿ ತೆರೆಯಲೇ ಇಲ್ಲ.

ಫೋಟೋ ಹುಡುಗಿಗೆ ಲೈಸೆನ್ಸ್ ಬಂತು. ಅವಳೇ ಮೊದಲಿಗಳು. ಕಾರು ಓಡಿಸಿಕೊಂಡು ಡಿಪೋ ಗೇಟಿಗೇ ಬಂದಳು. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದಳು. ಇಳಿದವನು ಕ್ಲಚ್ಚನ್ನು ಇನ್ನೂ ಒದೀತಾಳೆ ಅಂತ ದೂರು ಹೇಳಿದ. ಅವಳು, ನಿಮ್ಮದು ಯಾವಾಗ ಅಂತ ಕೇಳಿದಳು. ನಕ್ಕು ಗೇಟಿನೊಳಗೆ ನಡೆದ. ಸಂಘದ ಅರ್ಧ ಜನಕ್ಕೆ ಲೈಸೆನ್ಸ್ ಬಂತು, ಇವನು ಮಾತ್ರ ಅರ್ಜಿಯನ್ನೇ ಹಾಕಲಿಲ್ಲ. ನನಗೆ ರೇಗಿಹೋಯಿತು. ಯಾವುದಕ್ಕಾಗಿ ಎಲ್ಲ ಕಳೆದುಕೊಂಡೆಯೋ ಅದನ್ನಾದರೂ ತಗೊಳ್ಳೋಕೆ ನಿನಗೇನು ದಾಡಿ ಅಂತ ದಿನಾ ಹೇಳಿದೆ. ನಮ್ಮನೆಯವರು ಸಹ ಪೇಪರ್ ಮಡಿಸಿಟ್ಟು ಎರಡು ಮಾತು ಹೇಳಿದರು. ಅವನು ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದ. ಅವನ ಜೊತೆ ಇದೊಂದು ಕಷ್ಟ. ಮುಖ ತಿರುಗಿಸಿದರೆ ಆ ಕಡೆಗೆ ಹೋಗಿ ನಿಲ್ಲಬೇಕು, ಇಲ್ಲದಿದ್ದರೆ ಮಾತು ಮುಗಿಯಿತು.

ಹೋದ ತಿಂಗಳು ಒಂದು ದಿನ ಅವನು ಹೇಳದೆ ಕೇಳದೆ ರಜೆ ಹಾಕಿದ. ಟೈರ್ ವಿಭಾಗದವರು ಬಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಎಲ್ಲಿ ಬಿದ್ದನೋ, ಯಾವ ಗಾಡಿಗೆ ಸಿಕ್ಕಿದನೋ ಅಂತ ಜೀವ ಹಾರಿಹೋಯಿತು. ಅರ್ಧ ದಿನದ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಹಾಕಬೇಕಾಯಿತು. ಸಂಜೆ ಮನೆಗೆ ಬಂದವನು ಏನೂ ಆಗದವನ ಹಾಗೆ ಚಪ್ಪಲಿ ಬಿಟ್ಟ. ಎಲ್ಲಿ ಹಾಳಾಗಿ ಹೋಗಿದ್ದೆ ಅಂದೆ. ಸಮಿತಿಯ ಕಚೇರಿಗೆ ಅಂದ.

ಒಬ್ಬನೇ ಹೋಗಿದ್ದ. ನಾನಿಲ್ಲದೆ ಅವನು ಯಾವ ಕಚೇರಿಯ ಹೊಸ್ತಿಲನ್ನೂ ತುಳಿದವನಲ್ಲ. ಗುಮಾಸ್ತ ಮಾತಾಡಿದನಂತೆ, ಇವನು ಕಿವಿ ಮುಟ್ಟಿ ತೋರಿಸಿದನಂತೆ. ಅವನು ಇನ್ನೂ ಜೋರಾಗಿ ಮಾತಾಡಿದನಂತೆ, ಇವನು ಅಲ್ಲೇ ನಿಂತನಂತೆ. ಕೊನೆಗೆ ಗುಮಾಸ್ತನಿಗೇ ಸಾಕಾಗಿ ಕಾಗದ ಪೆನ್ನು ಮುಂದಕ್ಕೆ ತಳ್ಳಿದನಂತೆ. ಸಂಘದಲ್ಲಿ ಕಲಿತ ನಾಲ್ಕು ಅಕ್ಷರದಲ್ಲಿ, ಭಾರಿ ವಾಹನದ ಕಿವಿ ಪರೀಕ್ಷೆಗೆ ಆಕ್ಷೇಪಣೆ ಇದೆ, ಮುಂದಿನ ಸಮಿತಿ ಕೂತಾಗ ಕರೆಯಿರಿ ಅಂತ ಬರೆದು, ಹೆಸರು ಕೊಟ್ಟು ಬಂದಿದ್ದ. ಕಾರಿನ ಲೈಸೆನ್ಸ್ ಯಾಕೆ ತಗೊಳ್ಳಲಿಲ್ಲ ಅನ್ನುವುದನ್ನೂ ಆಗ ಹೇಳಿದ. ಅದನ್ನು ತಗೊಂಡರೆ ಇವನಿಗೆ ಕೊಟ್ಟಾಯಿತು, ಇನ್ನೇನು ಬೇಕು ಅಂತಾರೆ. ನನಗೆ ಬೇಕಿರೋದು ಬಸ್ಸು.

ಆ ಸಮಿತಿ ಯಾವ ಕಾಲಕ್ಕೆ ಕೂರುತ್ತೋ, ಅಷ್ಟರಲ್ಲಿ ನೀನು ನಿವೃತ್ತಿಯಾಗಿರ್ತೀಯ ಅಂದೆ. ಹೇಳಬಾರದಿತ್ತು, ಬಾಯಿ ತಡೆಯಲಿಲ್ಲ. ಆದರೆ ಆಗಲಿ ಅನ್ನುವ ಹಾಗೆ ಭುಜ ಕುಣಿಸಿದ. ಆಮೇಲೆ ಇನ್ನೊಂದು ಮಾತು ಹೇಳಿದ.

“ನಿನ್ನ ಹೆಸರೂ ಕೊಟ್ಟಿದ್ದೇನೆ.”

“ಗೊತ್ತು ಬಿಡು, ಅನುವಾದಕಿ ಅಂತ.”

“ಅಲ್ಲ. ಆಕ್ಷೇಪಣೆ ಇರುವವಳು ಅಂತ.”

ಅಷ್ಟರಲ್ಲಿ ಬಿಸಿ ಪಾತ್ರೆ ಎತ್ತಿಕೊಂಡಿದ್ದೆ, ಅದನ್ನು ಕೆಳಗಿಟ್ಟ ಮೇಲೇ ಕೈಗೆ ಮಾತು ಬಂತು. ನಾನು ನನ್ನದನ್ನು ಹೇಳಿಕೊಂಡು ನಿಂತರೆ ಅವತ್ತು ನಿನ್ನ ಮಾತು ಯಾರು ಹೇಳ್ತಾರೆ ಅಂತ ಕೇಳಿದೆ. ಅದು ನನ್ನ ತಲೆನೋವು, ನೀನು ನಿನ್ನದು ಹೇಳು, ಅವತ್ತು ಹೇಳಿದ ಹಾಗೇ ಜೋರಾಗಿ ಹೇಳು ಅಂದ.

ಜೋರಾಗಿ ಹೇಳಿದೆ ಅಂತ ನಿನಗೆ ಹೇಗೆ ಗೊತ್ತು, ನಿನಗೇನು ಕೇಳಿಸಿತಾ ಅಂತ ರೇಗಿಸಿದೆ.

“ಎಲ್ಲರೂ ತಿರುಗಿ ನಿನ್ನನ್ನು ನೋಡಿದರಲ್ಲ,” ಅಂದ.